ಗೌಡರ ಗ್ರಹದಲ್ಲಿ ಕೊನೆಯ ಕಂತು

ಹೋದ ತಿಂಗಳು ಮಂಡಿನೋವಿನ ಪ್ರಶ್ನೆಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಮಂಡಿ ಆಪರೇಷನ್ ಆದ ಮೇಲೆ ಆರು ವಾರ ಕಾಲು ಚಾಚಿ ಕೂತು, ‘ಬ್ಲೇಕ್ಸ್ ಸೆವೆನ್’ ಎಂಬ ಹಳೆಯ ಬಿಬಿಸಿ ಧಾರಾವಾಹಿಯ 52 ಕಂತನ್ನೂ ಡಿವಿಡಿಯಲ್ಲಿ ನೋಡಿ ಮುಗಿಸಿದೆ ಅಂತ. ಮಂಡಿಯ ಬಗ್ಗೆ ಎರಡು ಪತ್ರ ಬಂದವು. ಬ್ಲೇಕ್ ಬಗ್ಗೆ ಹದಿನೇಳು! ಹಾಗಾಗಿ ಬಿಪಿ, ಶುಗರ್, ಹಿಮ್ಮಡಿ ಒಡಕು ಎಲ್ಲಾ ಮುಂದಿನ ತಿಂಗಳಿಗೆ. ಈ ಸಲ ಬರೀ ಬಾಹ್ಯಾಕಾಶ.

ಮೇಡಂ, ಆ ಧಾರಾವಾಹಿಯ ಹೆಸರೇ ನಾವು ಕೇಳಿಲ್ಲ. ನರ್ಸ್ ಆಗಿದ್ದ ನಿಮಗೂ ಬಾಹ್ಯಾಕಾಶದ ಕಥೆಗೂ ಎಲ್ಲಿಯ ನಂಟು? (ಓದುಗರೊಬ್ಬರು, ಶಿವಮೊಗ್ಗ)

ಲೀಡ್ಸ್ ನಗರದ ಒಂದು ಆಸ್ಪತ್ರೆಯ ನರ್ಸ್‌ಗಳ ಹಾಸ್ಟೆಲ್ಲಿನಲ್ಲಿ ಬೆಳೆದ ನಂಟು. 1977ರ ಅಕ್ಟೋಬರ್‌ನಲ್ಲಿ ಅರಸೀಕೆರೆಯಿಂದ ಅಲ್ಲಿಗೆ ಹೋದೆ. ಇಪ್ಪತ್ತಮೂರು ವರ್ಷ ನನಗೆ. ಹಾಸ್ಟೆಲ್ಲಿನ ಕೆಳಗಿನ ಹಾಲಿನಲ್ಲಿ ಒಂದು ಬ್ಲ್ಯಾಕ್ ಅಂಡ್ ವೈಟ್ ಟಿವಿ ಇತ್ತು. ಆಗ ಬ್ರಿಟನ್ನಿನಲ್ಲಿ ಇದ್ದದ್ದೇ ಮೂರು ಚಾನೆಲ್. ಆ ಮೂರರಲ್ಲಿ ಯಾವುದು ಹಾಕಬೇಕು ಅಂತ ದಿನಾ ಸಂಜೆ ಜಗಳ.

1978ರ ಜನವರಿ 2, ಸೋಮವಾರ. ಲಂಡನ್ನಿನಲ್ಲಿ ‘ಸ್ಟಾರ್ ವಾರ್ಸ್’ ಬಿಡುಗಡೆಯಾಗಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಆ ಸಂಜೆ ಬಿಬಿಸಿ-1ರಲ್ಲಿ ಇದು ಶುರುವಾಯಿತು. ಬರೆದವರು ಟೆರಿ ನೇಶನ್. ‘ಡಾಕ್ಟರ್ ಹೂ’ ಅನ್ನೋ ಬಿಬಿಸಿಯ ಇನ್ನೊಂದು ಧಾರಾವಾಹಿಯ ಖಳರು ಡಾಲೆಕ್‌ಗಳು, ಅವರನ್ನು ಹುಟ್ಟಿಸಿದವರು ಇವರೇ. ಮೊದಲ ಸರಣಿಯ ಹದಿಮೂರು ಕಂತನ್ನೂ ಅವರೊಬ್ಬರೇ ಬರೆದರು.

ಕಥೆ ಇಷ್ಟು. ಮುಂದೆ ಯಾವುದೋ ಶತಮಾನದಲ್ಲಿ ಫೆಡರೇಶನ್ ಅನ್ನೋ ಸರ್ಕಾರ ಭೂಮಿಯನ್ನೂ ನೂರಾರು ಗ್ರಹಗಳನ್ನೂ ಆಳುತ್ತಿದೆ. ಜನ ಮುಚ್ಚಳ ಹಾಕಿದಂಥ ಊರುಗಳಲ್ಲಿ ಇರುತ್ತಾರೆ. ಕುಡಿಯುವ ನೀರಿಗೆ, ತಿನ್ನುವ ಊಟಕ್ಕೆ ಮದ್ದು ಬೆರೆಸಿ ಅವರನ್ನು ತೆಪ್ಪಗೆ ಇಟ್ಟಿದ್ದಾರೆ. ಬ್ಲೇಕ್ ಅನ್ನೋ ಒಬ್ಬ ಎಂಜಿನಿಯರ್‌ಗೆ ಒಂದು ದಿನ ಗೊತ್ತಾಗುತ್ತದೆ, ತಾನು ಹಿಂದೆ ಈ ಸರ್ಕಾರದ ವಿರುದ್ಧ ಹೋರಾಡಿದ್ದೆ, ಹಿಡಿದು ತನ್ನ ನೆನಪನ್ನೇ ಅಳಿಸಿದ್ದಾರೆ ಅಂತ. ಅವನು ಮತ್ತೆ ಬಾಯಿಬಿಡುವ ಮೊದಲೇ ಅವನ ಮೇಲೆ ಮಕ್ಕಳ ವಿಷಯದ ಒಂದು ಹೊಲಸು ಸುಳ್ಳು ಕೇಸು ಹಾಕುತ್ತಾರೆ. ಶಿಕ್ಷೆಯಾಗುತ್ತದೆ. ಕೈದಿಗಳ ಹಡಗಿನಲ್ಲಿ ದೂರದ ಗ್ರಹಕ್ಕೆ ಸಾಗಹಾಕುತ್ತಾರೆ. ಹಡಗಿನ ಹೆಸರು ‘ಲಂಡನ್’.

ಜೊತೆಗೆ ಕೂತಿದ್ದ ಇಂಗ್ಲಿಷ್ ಹುಡುಗಿಯರು, ಏನೇನೋ ಊಹೆ ಮಾಡ್ತಾರಪ್ಪ ಅಂತ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಚಿಕ್ಕಪ್ಪ ಹೈಸ್ಕೂಲು ಮೇಷ್ಟ್ರು. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಹಾಕಿ ಹದಿನಾಲ್ಕು ತಿಂಗಳು ಒಳಗಿಟ್ಟಿದ್ದರು. ಅವರು ಮನೆಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಚಿಕ್ಕಮ್ಮ ಬಟ್ಟೆಗಂಟು ಹಿಡಿದು ಜೈಲಿನ ಗೇಟಿನ ಮುಂದೆ ನಿಲ್ಲುತ್ತಿದ್ದದ್ದನ್ನು ನಾನೇ ಕಂಡಿದ್ದೆ. ಲೀಡ್ಸ್‌ನಲ್ಲಿ ಕೂತು ಆ ಮೊದಲ ಕಂತು ನೋಡುವಾಗ ನನಗೆ ಮುಂದಿನ ಶತಮಾನ ಕಾಣಲಿಲ್ಲ, ಹೋದ ವರ್ಷ ಕಂಡಿತು.

ಆದರೆ ಪೂರ್ತಿ ಧಾರಾವಾಹಿ ನೋಡುವ ಯೋಗ ನನಗೆ ಇರಲಿಲ್ಲ. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಲೇಟ್ ಶಿಫ್ಟು. ಲೇಟ್ ಶಿಫ್ಟು ಬಿದ್ದರೆ ರಾತ್ರಿ ಒಂಬತ್ತರ ತನಕ ವಾರ್ಡಿನಲ್ಲೇ. ಟೇಪ್ ಮಾಡಿಟ್ಟುಕೊಳ್ಳುವ ಮೆಷೀನು ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. ಹೀಗಾಗಿ ಒಂದು ಬಿಟ್ಟು ಒಂದು ಕಂತು ನೋಡಿದೆ. ಬಿಟ್ಟದ್ದನ್ನು ಹೇಳಲು ನನ್ನ ಐರಿಷ್ ಗೆಳತಿ ಇದ್ದಳು. ಅದೇ ಹಾಸ್ಟೆಲ್, ನನ್ನದರ ಉಲ್ಟಾ ಶಿಫ್ಟು. ರಾತ್ರಿ ಒಂಬತ್ತೂವರೆಗೆ ನಾನು ಚಪ್ಪಲಿ ಕಳಚುವಷ್ಟರಲ್ಲಿ ಅಡುಗೆಮನೆಯಲ್ಲಿ ಟೀ ಇಟ್ಟುಕೊಂಡು ಕಾದಿರುತ್ತಿದ್ದಳು. ಕೂತು ಶುರು ಮಾಡಿದರೆ ಹರಿಕಥೆ ದಾಸರೇ.

1979ರ ಚಳಿಗಾಲ ಇಂಗ್ಲೆಂಡಿನಲ್ಲಿ ಮುಷ್ಕರಗಳ ಚಳಿಗಾಲ. ಆಸ್ಪತ್ರೆಯ ಪೋರ್ಟರ್‌ಗಳು, ಲಾಂಡ್ರಿಯವರು ಕೆಲಸ ನಿಲ್ಲಿಸಿದ್ದರು. ಟ್ರಾಲಿ ತಳ್ಳುವುದೂ ನಾವೇ, ಹಾಸಿಗೆ ಬಟ್ಟೆ ಹೊರುವುದೂ ನಾವೇ. ಅಂಥ ಒಂದು ರಾತ್ರಿ, ಫೆಬ್ರುವರಿ 6, ಗೆಳತಿ ಗ್ಯಾನ್ ಸತ್ತದ್ದನ್ನು ಹೇಳಿದಳು. ಗ್ಯಾನ್ ಅಂದರೆ ಬ್ಲೇಕ್ ಗುಂಪಿನ ಭೀಮ. ಯಾರನ್ನೂ ಕೊಲ್ಲಲಾಗದಂತೆ ಸರ್ಕಾರ ಅವನ ತಲೆಯೊಳಗೆ ಒಂದು ಯಂತ್ರ ಕೂರಿಸಿರುತ್ತದೆ. ಕುಸಿಯುತ್ತಿರುವ ಬಾಗಿಲನ್ನು ಹೆಗಲು ಕೊಟ್ಟು ಹಿಡಿದು, ಎಲ್ಲರನ್ನೂ ದಾಟಿಸಿ, ತಾನು ಅಡಿಯಲ್ಲೇ ಉಳಿಯುತ್ತಾನೆ. ಗೆಳತಿ ಹೇಳಿದ ಪ್ರಕಾರ ಅವನು ಹತ್ತು ನಿಮಿಷ ಆ ಬಾಗಿಲು ಹೊತ್ತಿದ್ದ. ಸತ್ತುಹೋದ ತನ್ನ ಹುಡುಗಿಯ ಜೊತೆ ಮಾತಾಡಿದ. ದೇವರನ್ನು ನೆನೆದ. ಇಬ್ಬರೂ ಅತ್ತೆವು. ಟೀ ಆರಿಹೋಯಿತು.

ಈಗ ಡಿವಿಡಿಯಲ್ಲಿ ನೋಡಿದೆನಲ್ಲ, ಆ ಹತ್ತು ನಿಮಿಷ ಅಲ್ಲಿ ಇಲ್ಲವೇ ಇಲ್ಲ. ನನಗೋಸ್ಕರ ಯಾರೂ ಸಾಯುವಷ್ಟು ನಾನು ದೊಡ್ಡವನಲ್ಲ, ನೀವು ಹೋಗಿ ಅನ್ನುವ ಅರ್ಥದಲ್ಲಿ ಒಂದು ಮಾತು. ಮೇಲಿಂದ ಕಲ್ಲು ಬೀಳುತ್ತದೆ. ಮುಗಿಯಿತು. ದೇವರೂ ಇಲ್ಲ, ಹುಡುಗಿಯೂ ಇಲ್ಲ. ನಲವತ್ತು ವರ್ಷ ನಾನು ಅತ್ತದ್ದು ಟೆರಿ ನೇಶನ್ ಬರೆದ ಸಾವಿಗಲ್ಲ, ಅವಳು ಕಟ್ಟಿದ ಸಾವಿಗೆ. ಅಂಥವು ಇನ್ನೂ ಎಂಟು-ಹತ್ತು ಸಿಕ್ಕವು. ಒಂದೆರಡು ಕಡೆ ಅವಳದೇ ಚೆನ್ನಾಗಿತ್ತು.

ಅಮ್ಮಾ, ‘ಸೆವೆನ್’ ಅಂದರೆ ಏಳು ಜನ ಅಲ್ವಾ? ಫೋಟೋದಲ್ಲಿ ಎಣಿಸಿದರೆ ಆರೇ ಮುಖ. (ತುಮಕೂರು)

ಸರಿಯಾಗಿಯೇ ಎಣಿಸಿದ್ದೀರಿ. ಬ್ಲೇಕ್, ಬ್ಯಾಂಕಿನ ಕಂಪ್ಯೂಟರಿಗೇ ಕನ್ನ ಹಾಕಲು ಹೋಗಿ ಸಿಕ್ಕಿಬಿದ್ದ ಏವನ್, ಕಳ್ಳ ವಿಲಾ, ಕಳ್ಳಸಾಗಣೆಯ ಜೆನ್ನಾ, ಗ್ಯಾನ್, ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ಕ್ಯಾಲಿ. ಏಳನೆಯದು ಅವರ ಹಡಗು ‘ಲಿಬರೇಟರ್’ನ ಕಂಪ್ಯೂಟರ್, ಝೆನ್. ಇನ್ನೊಂದು ತಮಾಷೆ ಹೇಳ್ತೀನಿ. ಬ್ಲೇಕ್ ಪಾತ್ರದ ಗ್ಯಾರೆತ್ ಥಾಮಸ್ ಎರಡೇ ಸರಣಿ ಮಾಡಿ ಬಿಟ್ಟುಹೋದರು. ಮಿಕ್ಕ ಎರಡು ಸರಣಿ ಹೆಚ್ಚು ಕಡಿಮೆ ಬ್ಲೇಕ್ ಇಲ್ಲದ ‘ಬ್ಲೇಕ್ಸ್ ಸೆವೆನ್’. 52 ಕಂತಿನಲ್ಲೂ ತಪ್ಪದೆ ಬರುವವನು ಒಬ್ಬನೇ, ಹೇಡಿ ಕಳ್ಳ ವಿಲಾ. ಮೈಕೆಲ್ ಕೀಟಿಂಗ್ ಆ ಪಾತ್ರ ಮಾಡಿದರು.

ಮೊಮ್ಮಗ ಮೊದಲ ಹತ್ತು ನಿಮಿಷ ನೋಡಿ “ಇದೇನು ತಾತ, ಥರ್ಮೋಕೋಲ್ ಗೋಡೆ, ಗೋಡೆ ಅಲ್ಲಾಡುತ್ತೆ” ಅಂತ ಎದ್ದುಹೋದ. ಅವನನ್ನು ಕೂರಿಸುವುದು ಹೇಗೆ? (ನಿವೃತ್ತ ಬ್ಯಾಂಕ್ ನೌಕರರು, ಹಾಸನ)

ಮೊಮ್ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಗೋಡೆ ಅಲ್ಲಾಡುತ್ತದೆ. ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ. ಮೊದಲ ಸರಣಿಗಳಲ್ಲಿ ಅವರ ಬಂದೂಕು ನೋಡಿದರೆ ನನಗೆ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ಕಡ್ಡಿ ನೆನಪಾಗುತ್ತದೆ. ಅದಕ್ಕೊಂದು ವೈರು ಬೇರೆ.

ದುಡ್ಡಿರಲಿಲ್ಲ, ಅಷ್ಟೇ. ಬಿಬಿಸಿಯಲ್ಲಿ ಒಂದು ಪೊಲೀಸ್ ಧಾರಾವಾಹಿ ಮುಗಿದಿತ್ತು. ಅದರ ಜಾಗ, ಅದರ ಬಜೆಟ್ಟು ಇದಕ್ಕೆ ಬಂತು. ಪೊಲೀಸ್ ಕಥೆಗೆ ಒಂದು ಠಾಣೆ, ಎರಡು ಕಾರು ಸಾಕು. ಇಲ್ಲಿ ವಾರಕ್ಕೊಂದು ಗ್ರಹ ಬೇಕು! ಗ್ರಹ ಎಲ್ಲಿಂದ ತರೋದು? ಸರ್ರೆ ಭಾಗದ ಬೆಚ್‌ವರ್ತ್ ಕಲ್ಲು ಕ್ವಾರಿಗೆ ಹೋಗುತ್ತಿದ್ದರು. ಒಂದು ಕಂತಿನಲ್ಲಿ ಶತ್ರುಗಳ ಕೋಟೆಯಾಗಿ ಬರುವುದು ಓಲ್ಡ್‌ಬರಿ ಅಣುವಿದ್ಯುತ್ ಸ್ಥಾವರ. ಮೂರನೇ ಸರಣಿಯ ಮೊದಲ ಕಂತಿನ ಬೇರೆ ಗ್ರಹದ ಕಡಲತೀರ ಅಂದರೆ ನಾರ್ಥಂಬರ್‌ಲೆಂಡಿನ ಬ್ಯಾಂಬರ. ಎಲ್ಲೇ ಹೋಗಲಿ, ಆಕಾಶ ಇಂಗ್ಲೆಂಡಿನದೇ. ಮೋಡ ಕವಿದದ್ದು. ನಟರ ಬಾಯಿಂದ ಹೊಗೆ ಬರುವಷ್ಟು ಚಳಿ.

ನಾವು ಕಂಪನಿ ನಾಟಕ ನೋಡಿ ಬೆಳೆದವರು. ಅರಮನೆಯ ಪರದೆ ಗಾಳಿಗೆ ಅಲ್ಲಾಡಿದರೆ ಅರಮನೆ ಬಿತ್ತು ಅಂತ ಯಾರೂ ಎದ್ದುಹೋಗುತ್ತಿರಲಿಲ್ಲ. ಮೊಮ್ಮಗನಿಗೆ ಆ ಅಭ್ಯಾಸ ಇಲ್ಲ, ತಪ್ಪು ಅವನದಲ್ಲ. ನೀವು ಅವನನ್ನು ಮೊದಲ ಕಂತಿನಿಂದ ಕೂರಿಸಬೇಡಿ. ನಾಲ್ಕನೇ ಸರಣಿಯ ಹನ್ನೊಂದನೇ ಕಂತು ಹಾಕಿ. ಹೆಸರು ‘ಆರ್ಬಿಟ್’. ಬರೆದವರು ರಾಬರ್ಟ್ ಹೋಮ್ಸ್.

ಏವನ್ ಮತ್ತು ವಿಲಾ ಒಂದು ಪುಟ್ಟ ನೌಕೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಗ್ರಹದ ಸೆಳೆತ ಬಿಡಿಸಿಕೊಂಡು ಮೇಲೆ ಹೋಗಲು ನೌಕೆ ತುಂಬಾ ಭಾರ. ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆಸೆಯುತ್ತಾರೆ. ಸಾಲದು, ಇನ್ನೂ 70 ಕಿಲೋ ಇಳಿಸಬೇಕು. 70 ಕಿಲೋ ತೂಗುವಂಥದ್ದು ಏನಿದೆ ಇಲ್ಲಿ ಅಂತ ಏವನ್ ಕೂಗಾಡುತ್ತಾನೆ. ಅವರ ಜೊತೆ ಓರಾಕ್ ಅನ್ನೋ ಕಂಪ್ಯೂಟರ್ ಇದೆ. ನೋಡಲು ಮೀನಿನ ತೊಟ್ಟಿಯಂಥ ಪಾರದರ್ಶಕ ಡಬ್ಬಿ. ಒಳಗೆ ಲೈಟು ಮಿಣುಕುತ್ತದೆ. ಸದಾ ಸಿಡುಕು. ಅದು ತಣ್ಣಗೆ ಉತ್ತರ ಕೊಡುತ್ತದೆ, ವಿಲಾ 73 ಕಿಲೋ ಇದ್ದಾನೆ ಅಂತ.

ಏವನ್ ಬಂದೂಕು ತೆಗೆಯುತ್ತಾನೆ. ವಿಲಾನನ್ನು ಹುಡುಕಿಕೊಂಡು ಹೊರಡುತ್ತಾನೆ. ಮೆಲ್ಲನೆಯ ದನಿಯಲ್ಲಿ ಕರೆಯುತ್ತಾನೆ. ವಿಲಾ, ನಿನ್ನ ಸಹಾಯ ಬೇಕು, ಬಾರೋ. ವಿಲಾ ಒಂದು ಮೂಲೆಯಲ್ಲಿ ಮುದುಡಿಕೊಂಡು, ಸದ್ದಾಗದಂತೆ ಅಳುತ್ತಿದ್ದಾನೆ. ಅಷ್ಟೇ ದೃಶ್ಯ. ಎರಡು ಜನ, ನಾಲ್ಕು ರಟ್ಟಿನ ಗೋಡೆ. ನಾಲ್ಕು ವರ್ಷ ಒಟ್ಟಿಗೆ ಉಂಡು ಮಲಗಿದ ಗೆಳೆಯರು. ಆಮೇಲೆ ಬೇರೇನೋ ಭಾರವಾದದ್ದು ಸಿಕ್ಕಿ ಇಬ್ಬರೂ ಉಳಿಯುತ್ತಾರೆ. ಆದರೆ ಆ ಕರೆದ ದನಿ ಇದೆಯಲ್ಲ, ಅದು ವಿಲಾಗೂ ಮರೆಯುವುದಿಲ್ಲ, ನನಗೂ ಮರೆತಿಲ್ಲ. ಏವನ್ ಪಾತ್ರದ ಪಾಲ್ ಡ್ಯಾರೋ ಆ ದನಿಯಲ್ಲೇ ಗೆದ್ದರು. ನಾನು ಅಂಥ ದನಿ ವಾರ್ಡಿನಲ್ಲಿ ಕೇಳಿದ್ದೇನೆ. ಆಸ್ತಿ ಪತ್ರಕ್ಕೆ ಸಹಿ ಹಾಕಿಸಲು ಬಂದ ನೆಂಟರು ರೋಗಿಯನ್ನು ಹಾಗೆಯೇ ಕರೆಯುತ್ತಾರೆ.

ಈ ದೃಶ್ಯದಲ್ಲಿ ಮೊಮ್ಮಗ ಗೋಡೆ ನೋಡಿದರೆ ಬಿಟ್ಟುಬಿಡಿ, ಅವನಿಗೆ ಕ್ರಿಕೆಟ್ ಹಾಕಿಕೊಡಿ.

ಒಳಗಿನ ದೃಶ್ಯ ಒಂದು ಥರ, ಹೊರಗಿನ ದೃಶ್ಯ ಇನ್ನೊಂದು ಥರ ಕಾಣುತ್ತೆ. ಡಿಸ್ಕ್ ಹಾಳಾಗಿದೆಯಾ? (ಬಿ.ಇ. ವಿದ್ಯಾರ್ಥಿ, ಬೆಳಗಾವಿ)

ಡಿಸ್ಕ್ ಚೆನ್ನಾಗಿಯೇ ಇದೆ ತಮ್ಮಾ. ಆಗ ಬಿಬಿಸಿಯಲ್ಲಿ ಪದ್ಧತಿಯೇ ಹಾಗಿತ್ತು. ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾ. ಹೊರಗೆ ಹೋದರೆ 16 ಎಂಎಂ ಫಿಲ್ಮ್. ವಿಡಿಯೋ ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ ಬರೆಯುತ್ತದೆ. ಫಿಲ್ಮ್ ಸೆಕೆಂಡಿಗೆ 25 ಪೂರ್ತಿ ಚಿತ್ರ ಹಿಡಿಯುತ್ತದೆ. ಅದಕ್ಕೇ ಒಳಗೆ ಎಲ್ಲ ನುಣ್ಣಗೆ, ಹತ್ತಿರದಲ್ಲೇ ನಡೆಯುತ್ತಿರುವ ಹಾಗೆ. ಹೊರಗೆ ಕಾಲಿಟ್ಟ ಕೂಡಲೇ ಕಾಳು ಕಾಳು, ಸಿನಿಮಾ ಥರ. ಒಬ್ಬನೇ ಮನುಷ್ಯ ಬಾಗಿಲು ದಾಟಿದರೆ ಬೇರೆ ಲೋಕ. 1978ರಲ್ಲಿ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಎಲ್ಲಾ ಧಾರಾವಾಹಿಯೂ ಹಾಗೇ ಇತ್ತು.

ಎರಡು ಕೆಲಸ ಮಾಡಿ. ಹೊಸ ಟಿವಿಯಲ್ಲಿ ಚಲನೆಯನ್ನು ನಯ ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಆಮೇಲೆ ಚಿತ್ರದ ಆಕಾರ 4:3ಕ್ಕೆ ಇಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪರದೆ ತುಂಬಲಿ ಅಂತ ಎಳೆದರೆ ಎಲ್ಲರ ಮುಖವೂ ಒಬ್ಬಟ್ಟು.

ನೀವು ಇನ್ನೊಂದನ್ನೂ ಕೇಳಿದ್ದೀರಿ, ‘ಡಾಕ್ಟರ್ ಹೂ’ ಹಳೆಯ ಕಂತುಗಳು ಕಳೆದುಹೋದವಂತೆ, ಇದು ಹೇಗೆ ಉಳಿಯಿತು ಅಂತ. ಆಗಿನ ಟೇಪು ಎರಡು ಇಂಚು ಅಗಲ, ಬೆಲೆ ಜಾಸ್ತಿ. ಒಂದನ್ನು ಅಳಿಸಿ ಅದರ ಮೇಲೇ ಇನ್ನೊಂದು ಕಾರ್ಯಕ್ರಮ ತೆಗೆಯುತ್ತಿದ್ದರು. ಅರವತ್ತರ ದಶಕದ ‘ಡಾಕ್ಟರ್ ಹೂ’ ಕಂತುಗಳು ಎಷ್ಟೋ ಹಾಗೇ ಹೋದವು. ಬಿಬಿಸಿ ಆ ಚಾಳಿ ಬಿಟ್ಟು ಟೇಪುಗಳನ್ನು ಕಾಪಿಡಲು ಶುರು ಮಾಡಿದ್ದು 1978ರ ಸುಮಾರಿಗೆ. ಬ್ಲೇಕ್ ಹುಟ್ಟಿದ ವರ್ಷ. ಐದು ವರ್ಷ ಮೊದಲು ಹುಟ್ಟಿದ್ದರೆ ನಮ್ಮ ಕೈಗೆ ಎಷ್ಟು ಕಂತು ಸಿಗುತ್ತಿತ್ತೋ.

ದುಬೈನಿಂದ ಮಾವ ತಂದಿದ್ದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಕಥೆ ಹಾರಿ ಹಾರಿ ಹೋಗುತ್ತಿತ್ತು. ಅದು ನಕಲಿಯೇ? (ಮಂಗಳೂರು)

ಅಸಲಿಯೂ ಹಾರುತ್ತದೆ. ಎಂಬತ್ತರ ದಶಕದಲ್ಲಿ ಬಿಬಿಸಿಯವರೇ ಮೊದಲ ನಾಲ್ಕು ಕಂತನ್ನು ಕತ್ತರಿಸಿ, ‘ದಿ ಬಿಗಿನಿಂಗ್’ ಅಂತ ಒಂದೇ ಕ್ಯಾಸೆಟ್ ಮಾಡಿದ್ದರು. ಇನ್ನೂರು ನಿಮಿಷದ ಕಥೆ ಎರಡು ಗಂಟೆಯ ಆಸುಪಾಸಿಗೆ ಇಳಿದಿತ್ತು.

ಖಳನಾಯಕಿ ಸರ್ವಲಾನ್ ಬಗ್ಗೆ ಬರೆಯಿರಿ. ಅಷ್ಟು ಚೆಂದದ ಸೀರೆ, ಕ್ಷಮಿಸಿ, ಗೌನು ಉಟ್ಟುಕೊಂಡು ಯುದ್ಧ ಮಾಡುವವಳನ್ನು ನಾನು ಕಂಡಿಲ್ಲ. (ಗೃಹಿಣಿ, ಧಾರವಾಡ)

ನಾನೂ ಕಂಡಿರಲಿಲ್ಲ! ಮೊದಲ ಸರಣಿಯ ಆರನೇ ಕಂತಿನಲ್ಲಿ ಬರುತ್ತಾಳೆ. ತಲೆಗೂದಲು ಸಣ್ಣಗೆ ಕತ್ತರಿಸಿದೆ, ಹೆಚ್ಚು ಕಡಿಮೆ ಬೋಳು. ಮೈಮೇಲೆ ಬಿಳಿ ಉಡುಪು. ಫೆಡರೇಶನ್ ಸೇನೆಯ ದೊಡ್ಡ ಅಧಿಕಾರಿ. ಜಾಕ್ವೆಲಿನ್ ಪಿಯರ್ಸ್ ಆ ಪಾತ್ರ ಮಾಡಿದರು. ಜನರನ್ನು ಕೊಲ್ಲಿಸುವಾಗಲೂ ದನಿ ಏರಿಸುವುದಿಲ್ಲ. ನಮ್ಮ ಹಾಸ್ಟೆಲ್ಲಿನ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ ಬೇರೆಲ್ಲ ಬೂದಿ ಬಣ್ಣ, ಅವಳೊಬ್ಬಳೇ ಬೆಳ್ಳಗೆ ಹೊಳೆಯುತ್ತಿದ್ದಳು. (ಲಿಬರೇಟರ್ ಹಡಗಿನ ಹಿಂದಿನ ಗೋಳ ಹಸಿರು ಅಂತ ನನಗೆ ಗೊತ್ತಾಗಿದ್ದು ಈ ವರ್ಷ. ಇಷ್ಟು ದಿನ ಅದನ್ನು ಬೀದಿದೀಪದ ಹಳದಿ ಅಂದುಕೊಂಡಿದ್ದೆ.)

ಎರಡನೇ ಸರಣಿಯ ಕೊನೆಯ ಕಂತು ಬಂದದ್ದು 1979ರ ಏಪ್ರಿಲ್ 3. ಅದರಲ್ಲಿ ಅವಳು ಅಧ್ಯಕ್ಷನನ್ನೇ ಬಂಧಿಸಿ ತಾನೇ ಅಧ್ಯಕ್ಷೆ ಆಗುತ್ತಾಳೆ. ಸರಿಯಾಗಿ ಒಂದು ತಿಂಗಳಿಗೆ ಮಾರ್ಗರೆಟ್ ಥ್ಯಾಚರ್ ಚುನಾವಣೆ ಗೆದ್ದು ಪ್ರಧಾನಿ ಆದರು. ಇದು ಚುನಾವಣೆ, ಅದು ದಂಗೆ, ಹೋಲಿಕೆ ಸರಿಯಲ್ಲ, ಗೊತ್ತು. ಆದರೂ ವಾರ್ಡಿನಲ್ಲಿ ತಿಂಗಳುಗಟ್ಟಲೆ ಇದೇ ಜೋಕು. ಹೆಂಗಸು ದೇಶ ಆಳುವುದು ಹೇಗಿರುತ್ತೆ ಅಂತ ನನ್ನನ್ನು ಕೇಳುತ್ತಿದ್ದರು, ನಾನು ಅದರಲ್ಲಿ ಅನುಭವಸ್ಥೆ ಅನ್ನೋ ಹಾಗೆ. ನಾನು ಚಿಕ್ಕಪ್ಪನ ವಿಷಯ ಹೇಳುತ್ತಿರಲಿಲ್ಲ. ಹದಿನೆಂಟು ಹಾಸಿಗೆಯ ವಾರ್ಡಿನಲ್ಲಿ ಬೆಡ್‌ಪ್ಯಾನ್ ಹಿಡಿದುಕೊಂಡು ಹೇಳುವ ಮಾತಲ್ಲ ಅದು.

ಡಿವಿಡಿ ತರಿಸಬೇಕೋ, ಹೊಸ ಬ್ಲೂ-ರೇ ತರಿಸಬೇಕೋ? (ಬೆಂಗಳೂರು)

ಮೊದಲು ನನ್ನ ಪೆದ್ದುತನ ಕೇಳಿ. ಐರಿಷ್ ಗೆಳತಿ ಎಷ್ಟೋ ವರ್ಷದ ಹಿಂದೆಯೇ ನಾಲ್ಕೂ ಸರಣಿಯ ಡಿವಿಡಿ ಕಳಿಸಿದ್ದಳು. ಮೈಸೂರಿನಲ್ಲಿ ಪ್ಲೇಯರಿಗೆ ಹಾಕಿದೆ. ಡಿಸ್ಕನ್ನು ಉಗುಳಿತು. ಡಿಸ್ಕ್ ಕೆಟ್ಟಿದೆ ಅಂದುಕೊಂಡೆ. ಅವಳಿಗೆ ಹೇಳಿದರೆ ಬೇಜಾರಾಗುತ್ತಾಳೆ ಅಂತ ಸುಮ್ಮನಿದ್ದೆ. ನಾಲ್ಕೂ ಡಬ್ಬಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿದವು, ನುಸಿಗುಳಿಗೆ ಜೊತೆ. ಈ ವರ್ಷ ಅಕ್ಕನ ಮಗ ನೋಡಿ ನಕ್ಕ. ಬ್ರಿಟನ್ನಿನ ಡಿವಿಡಿ ವಲಯ 2, ನಮ್ಮದು ವಲಯ 5. ಬೀಗವೇ ಬೇರೆ. ಎಲ್ಲಾ ವಲಯದ ಡಿಸ್ಕ್ ಓಡಿಸುವ ಪ್ಲೇಯರ್ ತಂದುಕೊಟ್ಟ. ಬ್ಲೂ-ರೇಗೂ ಇದೇ ಗೋಳು, ಅಲ್ಲಿಯದು ಬಿ, ನಮ್ಮದು ಸಿ. ಆದ್ದರಿಂದ ಮೊದಲು ಪ್ಲೇಯರ್, ಆಮೇಲೆ ಡಿಸ್ಕ್.

ಮೊದಲ ಸರಣಿ 2024ರಲ್ಲಿ ಬ್ಲೂ-ರೇ ಆಗಿ ಬಂತು. ಅಕ್ಕನ ಮಗನ ಮನೆಯಲ್ಲಿ ಎರಡು ಕಂತು ನೋಡಿದೆ. ಚಿತ್ರ ಚೊಕ್ಕವಾಗಿದೆ. ಆದರೆ ಸ್ಟುಡಿಯೋ ಟೇಪಿನಲ್ಲಿ ಇದ್ದದ್ದೇ 625 ಗೆರೆ. ಇಲ್ಲದ್ದನ್ನು ಯಾವ ಡಿಸ್ಕೂ ತರಲಾರದು. ಹಡಗು ಹಾರುವ ದೃಶ್ಯಗಳನ್ನು ಹೊಸದಾಗಿ ಮಾಡಿದ್ದಾರೆ, ಬೇಡವೆಂದರೆ ಹಳೆಯದನ್ನೇ ಆರಿಸಿಕೊಳ್ಳಬಹುದು. ಹೊಸ ಹಡಗು ಚೆನ್ನಾಗಿದೆ. ಆದರೆ ಅದು ಹಾರಿ ಹೋದ ಮೇಲೆ ಅದೇ ಹಳೇ ಅಲ್ಲಾಡುವ ಗೋಡೆ ಬರುತ್ತದಲ್ಲ. ತೊಟ್ಟಿ ಮನೆಯ ಒಂದೇ ಕೋಣೆಗೆ ಗ್ರಾನೈಟ್ ಹಾಸಿದ ಹಾಗೆ. ನಾನು ಹಳೆಯದನ್ನೇ ಹಾಕಿಸಿಕೊಂಡೆ.

ಕೊನೆಯಲ್ಲಿ ಏನಾಗುತ್ತದೆ? ನಾನಂತೂ 52 ಕಂತು ನೋಡುವವಳಲ್ಲ, ಹೇಳಿಬಿಡಿ. (ಚಿಕ್ಕಮಗಳೂರು)

ನೋಡಬೇಕು ಅನ್ನುವವರು ಈ ಉತ್ತರ ಬಿಟ್ಟು ಮುಂದಕ್ಕೆ ಹೋಗಿ.

ಕೊನೆಯ ಕಂತಿನ ಹೆಸರು ‘ಬ್ಲೇಕ್’. ಬರೆದವರು ಕ್ರಿಸ್ ಬೌಚರ್. 1981ರ ಡಿಸೆಂಬರ್ 21, ಸೋಮವಾರ. ಕ್ರಿಸ್‌ಮಸ್‌ಗೆ ನಾಲ್ಕೇ ದಿನ. ಆ ಡಿಸೆಂಬರ್ ಭಯಂಕರ ಚಳಿ, ಮೊಣಕಾಲುದ್ದ ಹಿಮ. ನನಗೆ ಲೇಟ್ ಶಿಫ್ಟು. ಗೆಳತಿ ಊರಿಗೆ ಹೊರಟಿದ್ದಳು. ಆ ಸಂಜೆ ಅವಳು ಹೋಲಿಹೆಡ್ ಬಂದರಿನಲ್ಲಿ ಹಡಗಿಗೆ ಕಾಯುತ್ತಿದ್ದಳು. ಅಂದರೆ ಮೊದಲ ಸಲ, ನಮ್ಮಿಬ್ಬರಲ್ಲಿ ಯಾರೂ ಟಿವಿ ಮುಂದೆ ಇರಲಿಲ್ಲ.

ಮಾರನೇ ದಿನ ಗಂಡಸರ ವಾರ್ಡಿನಲ್ಲಿ ಒಬ್ಬರು ಮುದುಕರು, ಹರ್ನಿಯಾ ಕೇಸು. ಡೇ ರೂಮಿನಲ್ಲಿ ಕೂತು ಅವರು ಪೂರ್ತಿ ನೋಡಿದ್ದರು. ಟೆಂಪರೇಚರ್ ನೋಡುತ್ತಾ ಕೇಳಿದೆ, ಏನಾಯ್ತು ಅಂತ. ಥರ್ಮಾಮೀಟರ್ ಬಾಯಿಂದ ತೆಗೆದು ಹೇಳಿದರು. “ಎಲ್ಲಾ ಸತ್ತೋದ್ರು ಕಣಮ್ಮ.” ಮತ್ತೆ ಬಾಯಿಗಿಟ್ಟುಕೊಂಡರು. ನನಗೆ ಸಿಕ್ಕ ಕೊನೆ ಇಷ್ಟೇ.

ಈಗ ನೋಡಿದೆ. ಕಥೆ ನಡೆಯುವ ಗ್ರಹದ ಹೆಸರು ಕೇಳಿ ಮೊದಲು ನಕ್ಕುಬಿಟ್ಟೆ. ‘ಗೌಡ ಪ್ರೈಮ್’. ನಾನೇನೂ ಸೇರಿಸಿಲ್ಲ, ಅವರೇ ಹಾಗೆ ಅನ್ನುತ್ತಾರೆ. ಸಾಲದ್ದಕ್ಕೆ ಚಿಕ್ಕದು ಮಾಡಿ ಜಿಪಿ ಅಂತಲೂ ಕರೆಯುತ್ತಾರೆ. ಬ್ರಿಟನ್ನಿನಲ್ಲಿ ಜಿಪಿ ಅಂದರೆ ಬೀದಿ ಮೂಲೆಯ ಡಾಕ್ಟರು. ನಮ್ಮೂರ ಗೌಡರೂ ಡಾಕ್ಟರೂ ಸೇರಿ ಒಂದು ಗ್ರಹ!

ನಗು ಹೆಚ್ಚು ಹೊತ್ತು ಇರಲಿಲ್ಲ. ಎರಡು ವರ್ಷದಿಂದ ಕಾಣೆಯಾಗಿದ್ದ ಬ್ಲೇಕ್ ಅಲ್ಲಿ ‘ಬೌಂಟಿ ಹಂಟರ್’ ವೇಷದಲ್ಲಿದ್ದಾನೆ. ಅಂದರೆ ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಸರ್ಕಾರಕ್ಕೆ ಜನರನ್ನು ಹಿಡಿದುಕೊಡುವವನು. ನಿಜದಲ್ಲಿ ಅವನು ಹಾಗೆ ಹೊಸ ಹೋರಾಟಗಾರರನ್ನು ಪರೀಕ್ಷೆ ಮಾಡುತ್ತಿದ್ದಾನೆ. ಏವನ್‌ಗೆ ಅದು ಗೊತ್ತಿಲ್ಲ. ಬ್ಲೇಕ್ ನಮ್ಮನ್ನು ಮಾರಿಕೊಂಡ ಅಂತ ಜೊತೆಯವನು ಹೇಳುತ್ತಾನೆ. ನನಗೆ ಮೋಸ ಮಾಡಿದೆಯಾ ಅಂತ ಏವನ್ ಕೇಳುತ್ತಾನೆ. ಬ್ಲೇಕ್ ಸರಿಯಾಗಿ ಉತ್ತರ ಕೊಡುವುದು ಬಿಟ್ಟು ಹತ್ತಿರ ಹತ್ತಿರ ಬರುತ್ತಾನೆ. ಏವನ್ ಗುಂಡು ಹಾರಿಸುತ್ತಾನೆ. ಒಂದಲ್ಲ, ಮೂರು. ಆಮೇಲೆ ಸೈನಿಕರು ನುಗ್ಗುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಬೀಳುತ್ತಾರೆ, ವಿಲಾ ಕೂಡ. ಕೊನೆಗೆ ಏವನ್ ಒಬ್ಬನೇ ಬ್ಲೇಕ್‌ನ ಹೆಣದ ಎರಡೂ ಬದಿಗೆ ಕಾಲಿಟ್ಟು ನಿಂತಿದ್ದಾನೆ. ಸುತ್ತ ಬಂದೂಕು. ಅವನು ತನ್ನದನ್ನು ಎತ್ತುತ್ತಾನೆ. ನಗುತ್ತಾನೆ. ಚಿತ್ರ ಕತ್ತಲಾಗುತ್ತದೆ. ಗುಂಡಿನ ಸದ್ದು ಮಾತ್ರ.

ಆ ಭಾಗ ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿದೆ. ನರ್ಸ್ ಕಣ್ಣು ನೋಡಿ, ಬಿಡುವುದಿಲ್ಲ. ರಕ್ತ ಕಾಣುವುದು ಬ್ಲೇಕ್ ಒಬ್ಬನ ಮೈಮೇಲೆ. ಗ್ಯಾರೆತ್ ಥಾಮಸ್ ತನ್ನ ಪಾತ್ರ ಅನುಮಾನವೇ ಇಲ್ಲದಂತೆ ಸಾಯಬೇಕು ಅಂತ ಹೇಳಿಯೇ ವಾಪಸ್ ಬಂದಿದ್ದರು. ಮಿಕ್ಕವರು ಬೀಳುತ್ತಾರೆ, ಅಷ್ಟೇ. ಗಾಯ ಇಲ್ಲ, ರಕ್ತ ಇಲ್ಲ. ಏವನ್ ಬೀಳುವುದನ್ನಂತೂ ತೋರಿಸುವುದೇ ಇಲ್ಲ. ಆ ಹರ್ನಿಯಾ ಮುದುಕರು ಎಲ್ಲರಿಗೂ ಡೆತ್ ಸರ್ಟಿಫಿಕೇಟ್ ಬರೆದುಕೊಟ್ಟಿದ್ದರು, ನಾನು ನಲವತ್ತು ವರ್ಷ ಅದನ್ನೇ ನಂಬಿದ್ದೆ.

ಗೆಳತಿಗೆ ಫೋನ್ ಮಾಡಿದೆ. ಅವಳೀಗ ಗಾಲ್ವೇಯಲ್ಲಿ ಇದ್ದಾಳೆ, ಅವಳಿಗೂ ಒಂದು ಮಂಡಿ ಹೊಸದು. ಗ್ಯಾನ್ ದೇವರನ್ನು ನೆನೆಯುವುದೇ ಇಲ್ಲವಲ್ಲೇ ಅಂದೆ. “ನಿನ್ನ ಮುಖ ನೋಡಿದ್ದೆ ಆ ರಾತ್ರಿ. ಹನ್ನೆರಡು ಗಂಟೆ ಟ್ರಾಲಿ ತಳ್ಳಿ ಬಂದಿದ್ದೆ. ಬಾಗಿಲು ಬಿತ್ತು, ಸತ್ತ ಅಂತ ಎರಡು ಮಾತಲ್ಲಿ ಮುಗಿಸೋಕಾಗುತ್ತಾ?” ಅಂದಳು. ಸರಿ, ಏವನ್ ಸತ್ತನಾ ಬದುಕಿದನಾ, ನೀನೇ ಹೇಳು ಅಂದೆ. ತಡಿ, ಟೀ ಇಟ್ಟು ಬರ್ತೀನಿ ಅಂತ ಫೋನು ಪಕ್ಕಕ್ಕಿಟ್ಟಳು.

ಅಮ್ಮಾ, ಆ ಡಿವಿಡಿಗಳನ್ನು ಒಂದು ತಿಂಗಳು ಎರವಲು ಕೊಡುತ್ತೀರಾ? ಜೋಪಾನವಾಗಿ ವಾಪಸ್ ಕೊಡುತ್ತೇನೆ. (ಮೈಸೂರಿನವರೇ ಐದು ಜನ)

ಇಲ್ಲ. ಎದುರುಮನೆಯವರು ಎರಡನೇ ಸರಣಿ ಒಯ್ದು ತಂದುಕೊಟ್ಟರು. ಡಬ್ಬಿ ಬಂತು, ಮೂರನೇ ಡಿಸ್ಕ್ ಬರಲಿಲ್ಲ. ಕೇಳಿದರೆ ಮೊದಲೇ ಇರಲಿಲ್ಲ ಅನ್ನುತ್ತಾರೆ. ಬೇಕಾದರೆ ಭಾನುವಾರ ನಮ್ಮ ಮನೆಗೆ ಬಂದು ನೋಡಿ. ಬರುವಾಗ ಕೋಡುಬಳೆ ತನ್ನಿ.